ಕಮಾನಿನ ಕಿತಾಬು

ಮದರಾಸಿನಿಂದ ಬಂದ ಲಕೋಟೆಯನ್ನು ಒಡೆಯದೆ ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಬಸವಂತರಾಯ ಮುಂಜಾನೆಯೆಲ್ಲ ಜಲ್ಲಿಯ ಲೆಕ್ಕ ಮಾಡಿದ. ಚಿತ್ತಾಪುರದ ರಸ್ತೆ ಕಚೇರಿಯ ಕಿಟಕಿಯಿಂದ ಬಂದ ಬಿಸಿಲು ಮೇಜಿನ ಕಾಲುಭಾಗವನ್ನು ದಾಟಿತ್ತು. ಅದು ಅರ್ಧವನ್ನು ಮುಟ್ಟಿದಾಗ ಒಡೆಯುತ್ತೇನೆಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಮುಟ್ಟಿತು. ಒಡೆಯಲಿಲ್ಲ. ಲಕೋಟೆ ತೆಳ್ಳಗಿತ್ತು, ಒಳಗೆ ಒಂದೇ ಹಾಳೆ ಇದೆಯೆಂದು ಬೆರಳಿಗೆ ಗೊತ್ತಾಗಿತ್ತು. ಅವನು ಕೇಳಿ ಬರೆದ ಪುಸ್ತಕ ಇಂಥಲ್ಲಿ ಸಿಗುತ್ತದೆ ಎಂದು ತಿಳಿಸುವುದಕ್ಕೂ ಒಂದು ಹಾಳೆ ಸಾಕು, ಎಲ್ಲಿಯೂ ಸಿಗುವುದಿಲ್ಲ ಎಂದು ತಿಳಿಸುವುದಕ್ಕೂ ಒಂದು ಹಾಳೆ ಸಾಕು. ಎರಡರಲ್ಲಿ ತನಗೆ ಯಾವುದು ಬೇಕು ಎಂಬ ಪ್ರಶ್ನೆಯನ್ನು ಅವನು ಬಹಳ ಕಾಲದಿಂದ ಬದಿಗಿಟ್ಟುಕೊಂಡೇ ಬಂದಿದ್ದ, ಬಾರದ ಲೆಕ್ಕವನ್ನು ಕೊನೆಗೆ ಮಾಡಿದರಾಯಿತೆಂದು ಬಿಟ್ಟು ಮುಂದಿನದಕ್ಕೆ ಹೋಗುವ ವಿದ್ಯಾರ್ಥಿಯ ಹಾಗೆ. ಜಲ್ಲಿಯ ರಾಶಿಯ ಉದ್ದ, ಅಗಲ, ಎತ್ತರ. ಗುಣಾಕಾರ ಅವನ ತುಟಿಯ ಹಿಂದೆ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ದೇವರ ಮುಂದೆ ಕನ್ನಡ. ಆದರೆ ನಿಜಾಮರ ಕಾಲದಲ್ಲಿ ಸೇಡಮಿನ ಸಾಲೆಯಲ್ಲಿ ಮಗ್ಗಿ ಕಲಿತವನಾದ್ದರಿಂದ ಅಂಕಿಗಳು ಅವನಲ್ಲಿ ಬೇರೆ ಮಾತು ಕೇಳುತ್ತಿರಲಿಲ್ಲ. ಉತ್ತರ ಬಂದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಒಂದು ದಡದಲ್ಲಿ ಎಣಿಸಿ ಇನ್ನೊಂದು ದಡದಲ್ಲಿ ಬರೆಯುವ ಈ ಕೆಲಸ, ರಾಜ್ಯ ಒಂದಾದ ಮೇಲಿನ ಮೂರು ವರ್ಷಗಳಲ್ಲಿ, ರೂಢಿಯಾಗಿದೆಯೆಂದೇ ಅವನು ನಂಬಿದ್ದ.

"ಏನ್ರಿ ರಾಯರ, ಮದ್ರಾಸ್ ಏನಂತದ?" ಎದುರು ಮೇಜಿನ ಕಾರಕೂನ ಸಂಗಣ್ಣ ಕೇಳಿದ. "ಮುಂಜಾನಿಂದ ಕಿಸೇದಾಗ ಇಟ್ಕೊಂಡು ಕಾವ್ ಕೊಡ್ಲಿಕತ್ತೀರಲ್ಲ. ಮರಿ ಹೊಂಡ್ತದೇನು?"

"ನೋಡೂಣು."

"ನೋಡೂಣು ಅಂದ್ರ ಸೋಮವಾರ ಬಂದೇ ಬಿಡ್ತದ್ರಿ."

ಸೋಮವಾರ ವಿಚಾರಣೆ. ಕಾಳಗಿ ರಸ್ತೆಯ ಹಳ್ಳಕ್ಕೆ ಬಸವಂತರಾಯ ತಾನೇ ನಕ್ಷೆ ಬರೆದು, ನಿಂತು ಕಟ್ಟಿಸಿದ ಕಮಾನು ಒಂದು ಮಳೆಗಾಲವನ್ನು ತಡೆಯಿತು. ಎರಡನೆಯ ಮಳೆಗಾಲದ ಕೊನೆಗೆ, ಗೊಲ್ಲಾಳಪ್ಪನ ಬಂಡಿ ಅದರ ನಡುವಿನಲ್ಲಿದ್ದಾಗ, ಕುಸಿಯಿತು. ಒಂದು ಎತ್ತು ಅಲ್ಲೇ ಸತ್ತಿತು. ಗೊಲ್ಲಾಳಪ್ಪನ ಬಲಗಾಲನ್ನು ಗುಲ್ಬರ್ಗದಲ್ಲಿ ಮೊಳಕಾಲಿನ ಮೇಲಕ್ಕೆ ತೆಗೆದರು. ಕಚೇರಿ ತಡಮಾಡದೆ ಗಾರೆ ಕೆಟ್ಟಿತ್ತೆಂದು ಬರೆಯಿತು. ಕಟ್ಟಿದ ಮೇಸ್ತ್ರಿ ಮಜೀದಸಾಬನಿಗೆ ಇನ್ನು ಮುಂದೆ ಸರ್ಕಾರಿ ಕೆಲಸ ಕೊಡತಕ್ಕದ್ದಲ್ಲವೆಂದು ಹುಕುಮು ಹೊರಡಿಸಿತು. ಅಷ್ಟಕ್ಕೇ ಮುಗಿಯಬೇಕಾಗಿದ್ದ ವಿಷಯ ಮುಗಿಯಲಿಲ್ಲ. ಮೈಸೂರು ಕಡೆಯಿಂದ ಹೊಸ ಇಂಜಿನಿಯರು ಬಂದರು. ಮೃದು ಮಾತಿನ ಮನುಷ್ಯ. ಕಡತ ಮುಚ್ಚುವ ಮೊದಲು ನಕ್ಷೆಯನ್ನು ಬಿಚ್ಚಿ, ಕಮಾನಿನ ನೆತ್ತಿಯ ಮೇಲೆ ಪೆನ್ಸಿಲಿನ ತುದಿಯಿಟ್ಟು, "ಹದಿಮೂರು ಇಂಚು ದಪ್ಪ. ಒರಟು ಕಲ್ಲಿಗೆ ಇಷ್ಟೇ ಸಾಕು ಅಂತ ಯಾವ ಬುಕ್ಕಲ್ಲಿದೆ ಬಸವಂತರಾಯ್ರೇ?" ಎಂದು ಕೇಳಿದರು. ಹೈದರಾಬಾದಿನ ಕಿತಾಬಿನಲ್ಲಿದೆ ಎಂದು ಇವನು ಹೇಳಿದ. ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. "ಹಾಗಾದ್ರೆ ಅದನ್ನ ತರಿಸಿ ತೋರಿಸಿ. ಬುಕ್ಕಲ್ಲಿ ಹದಿಮೂರೇ ಇದ್ರೆ ತಪ್ಪು ಗಾರೆದು. ಬೇರೆ ಇದ್ರೆ ನಿಮ್ಮದು. ಬುಕ್ಕೇ ಸಿಗದಿದ್ರೆ ಮೊದಲು ಬರೆದದ್ದೇ ಗಟ್ಟಿ." ಇದಕ್ಕಿಂತ ಸರಳವಾದ ಲೆಕ್ಕ ಇರುವುದಿಲ್ಲ. ಮೂರು ದಾರಿ; ಎರಡರಲ್ಲಿ ಮಜೀದಸಾಬ ಮುಳುಗುತ್ತಾನೆ, ಒಂದರಲ್ಲಿ ಬಸವಂತರಾಯ.

ಪುಸ್ತಕವನ್ನು ಹೈದರಾಬಾದಿನ ಫನ್ನಿ ಕಿತಾಬ್‌ಘರ್, ಅಂದರೆ ಕಸುಬಿನ ಪುಸ್ತಕಗಳ ಮನೆ, ಎಂಬ ಅಂಗಡಿ ಅಚ್ಚು ಹಾಕಿಸಿತ್ತು. ಕಮಾನು ಕಟ್ಟುವ ವಿದ್ಯೆಯ ಬಗ್ಗೆ ಉರ್ದುವಿನಲ್ಲಿ ಅವನು ಕಂಡ ಪುಸ್ತಕ ಅದೊಂದೇ. ಕಾಗದ ಬರೆದ. ಉತ್ತರ ಹೈದರಾಬಾದಿನಿಂದ ಬರಲಿಲ್ಲ, ಮದರಾಸಿನಿಂದ ಬಂತು, ಇಂಗ್ಲಿಷಿನಲ್ಲಿ. ತಾವು ಬರೆದ ಅಂಗಡಿ ನಮ್ಮ ಕಂಪನಿಯಲ್ಲಿ ವಿಲೀನವಾಗಿದೆ, ಹಳೆಯ ಪುಸ್ತಕಗಳಿಗೆ ಹೊಸ ನಂಬರು ಬಿದ್ದಿದೆ, ನಂಬರು ನಮೂದಿಸದೆ ಬಂದ ಬೇಡಿಕೆಯನ್ನು ಪರಿಶೀಲಿಸಲಾಗುವುದಿಲ್ಲ. ವಿಲೀನ. ಐವತ್ತಾರರ ನವೆಂಬರಿನಲ್ಲಿ ಅವನನ್ನೂ ಕರೆದು ಇದೇ ಮಾತು ಹೇಳಿದ್ದರು. ವಿಲೀನವಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಆಗಲೂ ಯಾರೂ ಹೇಳಿರಲಿಲ್ಲ. ಉಪ್ಪು ನೀರಿಗೆ ಹೋದ ಹಾಗೆ ಹೋಗುತ್ತದೆಯೋ, ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆಯೋ. ಅವನು ಹೋಗಿ ನಿಂತದ್ದು ಸಾಲಿನ ಕೊನೆಗೆ. ಹೊಸ ನಂಬರು ಯಾವುದೆಂದು ಕೇಳಿ ಬರೆದ. ಅದು ನಮ್ಮ ಹೊಸ ಪಟ್ಟಿಯಲ್ಲಿದೆ ಎಂದರು. ಪಟ್ಟಿಯನ್ನು ಕೇಳಿದ, ಅದನ್ನು ಏಜೆಂಟರಿಗೆ ಮಾತ್ರ ಕೊಡಲಾಗುತ್ತದೆ ಎಂದರು. ಏಜೆಂಟನೆಂದರೆ ಶಹಾಬಾದಿನ ಒಬ್ಬ ಪುಸ್ತಕದ ಅಂಗಡಿಯವ. ಅವನು ಹಳೆಯ ಅಂಗಡಿಯ ಏಜೆಂಟ, ಹೊಸ ಕಂಪನಿ ತನ್ನನ್ನು ಗುರುತಿಸುವುದೇ ಇಲ್ಲವೆಂದು ಕೈ ಝಾಡಿಸಿದ. ಆಮೇಲೆ ಬರೆದ ಒಂದು ಕಾಗದಕ್ಕೆ ಬಸವಂತರಾಯ ಹೈದರಾಬಾದಿನ ಹಳೆಯ ವಿಳಾಸವನ್ನೇ ಹಾಕಿದ. ಅಲ್ಲಿ ಬೀಗ ಬಿದ್ದಿದೆಯೆಂದು ಆ ಹೊತ್ತಿಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈಯ ರೂಢಿ ಎಂದು ಹೇಳಿಕೊಂಡ. ಆ ಕಾಗದ ಎಲ್ಲೆಲ್ಲೋ ತಿರುಗಿ ಸಂಕ್ರಾಂತಿ ಕಳೆದ ಮೇಲೆ ಹಿಂದಕ್ಕೆ ಬಂತು. ಅದು ತಿರುಗುತ್ತಿದ್ದಷ್ಟು ದಿನ ಅವನಿಗೆ ಒಳ್ಳೆಯ ನಿದ್ದೆ ಹತ್ತಿತ್ತು.

ನಿದ್ದೆ ಕೆಟ್ಟದ್ದು ಪಾರ್ಸಲು ಬಂದ ದಿನದಿಂದ. ಕೊನೆಗೂ ಕಂಪನಿ ಒಂದು ಪುಸ್ತಕ ಕಳಿಸಿತು. ಅಂಚೆಕಚೇರಿಯ ಕಟ್ಟೆಯ ಮೇಲೆ ನಿಂತು ಸುತ್ತಿದ ದಾರ ಹರಿದು ನೋಡಿದರೆ ಅದು ನಮಾಜು ಕಲಿಸುವ ಪುಸ್ತಕ. ಉರ್ದು ಓದಲು ಬಾರದ ಮದರಾಸಿನ ಗುಮಾಸ್ತರು ಆ ಲಿಪಿಯಲ್ಲಿದ್ದದ್ದನ್ನೆಲ್ಲ ಧರ್ಮದ ಕಪಾಟಿಗೆ ಹಾಕಿದ್ದಿರಬೇಕು. ಇವನಿಗೆ ನಗು ಬಂತು. ನಗುತ್ತ ತೆರೆದ, ತೆರೆದ ಮೇಲೆ ನಗು ನಿಂತಿತು. ಅವನು ತೆರೆದದ್ದು ಪುಸ್ತಕದ ಕೊನೆಯ ಪುಟವನ್ನು. ಉರ್ದು ಪುಸ್ತಕ ಬಲದಿಂದ ಶುರುವಾಗುತ್ತದೆ. ಹುಟ್ಟಿದಾಗಿನಿಂದ ಎನ್ನುವಷ್ಟು ಕಾಲ ಅವನ ಕೈ ಹಾಗೆಯೇ ತೆರೆಯುತ್ತಿತ್ತು. ಮೈಸೂರಿನ ತರಬೇತಿಯಲ್ಲಿ ವರ್ಷವಿಡೀ ಇಂಗ್ಲಿಷ್ ಪುಸ್ತಕ ತಿರುವಿದ ಕೈ ತನ್ನನ್ನು ಕೇಳದೆ ದಿಕ್ಕು ಬದಲಿಸಿಕೊಂಡಿತ್ತು. ಯಾವಾಗ? ಕಟ್ಟೆಯ ಮೇಲೆ ನಿಂತಿದ್ದ ಅವನಿಗೆ ಕಾಳಗಿ ರಸ್ತೆಯ ನಕ್ಷೆ ಬರೆದ ದಿನ ಕಣ್ಣಿಗೆ ಕಟ್ಟಿತು. ತರಬೇತಿಯಿಂದ ಬಂದ ಹೊಸತು. ಹಳೆಯ ಕಿತಾಬಿನ ಕೋಷ್ಟಕ ಎರಡು ಪುಟಗಳಲ್ಲಿ ಹರಡಿತ್ತು. ಮೊದಲ ಪುಟದಲ್ಲಿ ತಲೆಬರಹ: ಒರಟು ಕಲ್ಲಿಗೆ ಇಷ್ಟು ದಪ್ಪ, ಕೆತ್ತಿದ ಕಲ್ಲಿಗೆ ಇಷ್ಟು ದಪ್ಪ. ಹದಿನೈದು ಅಡಿಯ ಕಮಾನು ಇದ್ದದ್ದು ಮುಂದಿನ ಪುಟದಲ್ಲಿ. ಅಲ್ಲಿ ತಲೆಬರಹ ಇರಲಿಲ್ಲ, ಬರಿಯ ಅಂಕಿಗಳು. ಓದುವವರ ಅನುಕೂಲಕ್ಕೆಂದು ಕಮಾನಿನ ಅಗಲವನ್ನು ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಅಚ್ಚು ಹಾಕಿದ್ದರು. ಮೊದಲನೆಯ ಅಂಕಣ ಒರಟು ಕಲ್ಲಿನದು ಎಂಬುದು ಅವನಿಗೆ ಬಾಯಿಪಾಠ. ಆದರೆ ಮೊದಲನೆಯದು ಎಂದರೆ ಬಲದಿಂದ ಮೊದಲನೆಯದು. ಅವತ್ತು ತನ್ನ ಬೆರಳು ಯಾವ ಅಂಚಿನಿಂದ ಹೊರಟಿತ್ತು? ನೆನಪು ಬೆರಳನ್ನು ತೋರಿಸುತ್ತಿತ್ತು, ಪುಟವನ್ನು ತೋರಿಸುತ್ತಿತ್ತು, ಹದಿಮೂರು ಎಂಬ ಅಂಕಿಯನ್ನೂ ತೋರಿಸುತ್ತಿತ್ತು. ಅಂಚನ್ನು ಮಾತ್ರ ತೋರಿಸುತ್ತಿರಲಿಲ್ಲ.

"ಕೊಡ್ರಿಲ್ಲೆ, ನಾನರ ಒಡೀತೀನಿ." ಸಂಗಣ್ಣ ಎದ್ದು ಬಂದು ಇವನ ಕಿಸೆಗೇ ಕೈ ಹಾಕಿದ. ತಡೆಯಬಹುದಾಗಿತ್ತು. ಬಸವಂತರಾಯ ಸೀಸದ ಕಡ್ಡಿಯನ್ನು ನೇರವಾಗಿ ಹಿಡಿದುಕೊಂಡು ಕುಳಿತಿದ್ದ, ಕ್ಷೌರಿಕನ ಮುಂದೆ ಕುಳಿತವನಂತೆ. ಸಂಗಣ್ಣ ಹಾಳೆಯನ್ನು ಬಿಡಿಸಿ, ಇಂಗ್ಲಿಷನ್ನು ಒಂದೊಂದೇ ಪದ ಎಡವುತ್ತ ಓದಿ, ಇಡೀ ಕಚೇರಿಗೆ ಕೇಳುವಂತೆ ಕೂಗಿದ: "ಮುಗೀತ್ರಿ ಮುಗೀತು! ವಿಲೀನ ಆಗೂ ಮುಂದ ಹೈದರಾಬಾದದಾಗ ಉಳ್ದಿದ್ದ ಮಾಲೆಲ್ಲ ರದ್ದಿಗಿ ಹಾಕ್ಯಾರಂತ. ಮತ್ತ ಅಚ್ಚ ಹಾಕಂಗಿಲ್ಲಂತ. ಸಾಹೇಬ್ರ, ಬರ್ರಿ ಹೊರಗ, ರಾಯರು ಪಾಸ್!"

ಇಂಜಿನಿಯರು ಒಳಗಿನಿಂದ ಬಂದು ಕಾಗದವನ್ನು ಓದಿ ಮಡಿಸಿ ಇವನ ಮೇಜಿನ ಮೇಲಿಟ್ಟರು. "ಇನ್ನೇನು, ಬುಕ್ ಸಿಗಲಿಲ್ಲ ಅಂತ ಒಂದು ಸಾಲು, ಗಾರೆ ಕೆಟ್ಟಿತ್ತು ಅಂತ ಇನ್ನೊಂದು ಸಾಲು. ಸೋಮವಾರ ಸಹಿ ಹಾಕಿ ಕೊಟ್ಬಿಡಿ." ಆಮೇಲೆ, ತಗ್ಗಿದ ಧ್ವನಿಯಲ್ಲಿ, "ನಿಮ್ಮಂಥೋರು ಬೇಕಂತ ತಪ್ಪು ಮಾಡಲ್ಲ ಅಂತ ನಂಗೆ ಗೊತ್ತು" ಎಂದರು. ಅನುಮಾನ ಪಟ್ಟಿದ್ದರೆ ಬಸವಂತರಾಯ ಎದ್ದು ನಿಂತು ಉತ್ತರ ಕೊಡುತ್ತಿದ್ದ. ಹೀಗೆ ನಂಬಿದರೆ ಏನು ಮಾಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಶನಿವಾರದ ಅರ್ಧ ದಿನ ಮುಗಿಸಿ ಮನೆಗೆ ಬಂದು ಊಟಕ್ಕೆ ಕುಳಿತ. ಹೆಂಡತಿ ಮಾಳಮ್ಮ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ಸುದ್ದಿ ಕೇಳಿದಳು. ಸಂಗಣ್ಣನ ಮನೆಯಿಂದ ಅದು ಇವನಿಗಿಂತ ಮೊದಲೇ ಬಂದಿತ್ತು.

"ಒಳ್ಳೇದೇ ಆತಲ್ರಿ. ಮತ್ಯಾಕ ಮಾರಿ ಹಿಂಗ?"

"ಹಿಂಗಂದ್ರ ಹೆಂಗ?"

"ಸತ್ತವರ ಮನೀಗಿ ಹೋಗಿ ಬಂದೋರ ಹಂಗ." ಅವಳು ನೀರಿನ ತಂಬಿಗೆಯನ್ನು ಸರಿಸಿದಳು. "ಅಲ್ರಿ, ನಿಮ್ಮ ಹತ್ರ ಒಂದು ಇತ್ತಲ್ಲ ಅಂಥಾ ಕಿತಾಬು. ಕೆಂಪು ರಟ್ಟಿಂದು. ನಾನೇ ಬಟ್ಟಿ ಒಳಗ ಇಡ್ತಿದ್ದೆ. ಅದೆಲ್ಲಿ ಹೋತು?"

"ಕೊಟ್ಟೀನಿ."

"ಯಾರಿಗಿ?"

ಬಸವಂತರಾಯ ರೊಟ್ಟಿಯನ್ನು ಮುರಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೆಂದು ಅವನಿಗೆ ಅನಿಸಿತು. ಅವಳು ಕೇಳದೆ ಇರುವುದರಿಂದ ಅನಿಸುತ್ತಿದೆ ಎಂದೂ ಅನಿಸಿತು. ಕೈ ತೊಳೆದು ಅಂಗಿ ಹಾಕಿಕೊಂಡು, ವಾಡಿಗೆ ಹೋಗಿ ಬರುತ್ತೇನೆಂದ. ಯಾಕೆ ಎಂದು ಅದನ್ನೂ ಅವಳು ಕೇಳಲಿಲ್ಲ.

ಸ್ಟೇಷನ್ನಿನ ದಾರಿಯಲ್ಲಿ ಬೇವಿನ ಮರದ ಕೆಳಗೆ ಗೊಲ್ಲಾಳಪ್ಪ ಕುಳಿತಿರುತ್ತಾನೆ. ಬೇರೆ ದಾರಿ ಇತ್ತು, ಸ್ವಲ್ಪ ಸುತ್ತು; ಈಚೆಗೆ ಬಸವಂತರಾಯ ಅದರಲ್ಲೇ ಹೋಗುತ್ತಿದ್ದ. ಇವತ್ತು ಕಾಲು ನೇರ ದಾರಿ ಹಿಡಿಯಿತು. ಗೊಲ್ಲಾಳಪ್ಪ ತೊಗರಿ ಕಟ್ಟಿಗೆಯ ಬುಟ್ಟಿ ಹೆಣೆಯುತ್ತಿದ್ದ. ಒಂಟಿ ಕಾಲನ್ನು ಮುಂದಕ್ಕೆ ಚಾಚಿ ಬುಟ್ಟಿಯನ್ನು ಅದಕ್ಕೆ ಒತ್ತಿಕೊಂಡಿದ್ದ. ಇವನನ್ನು ಕಂಡು ಕೈಯೆತ್ತಿ ನಮಸ್ಕಾರ ಮಾಡಿದ.

"ಶರಣ್ರಿ ಯಪ್ಪಾ. ಬಿಸಿಲಾಗ ಎಲ್ಲಿಗಿ ಹೊಂಟೀರಿ?"

"ಇಲ್ಲೇ ವಾಡಿಗಿ."

"ನಮ್ಮ ಕೇಸು ಏನಾತ್ರಿ?"

"ಸೋಮವಾರ ಐತಿ."

"ನಿಮ್ಮ ಮ್ಯಾಲ ಏನೂ ಬರಬಾರ್ದು ನೋಡ್ರಿ. ನೀವು ಓದಿದೋರು, ಬರದಿದ್ದು ಬರದಂಗ ಹೇಳಿರ್ತೀರಿ. ಆ ಸುಣ್ಣ ಕಲಸಿದ ಕೈ ಐತಲ್ಲ, ಅದು ಉದುರಿ ಹೋಗ್ಲಿ." ಗೊಲ್ಲಾಳಪ್ಪ ಕೋಪವಿಲ್ಲದೆ, ಬುಟ್ಟಿಯ ಕಟ್ಟಿಗೆಯನ್ನು ಬಾಗಿಸುತ್ತ, ದಿನವೂ ಹೇಳುವ ಮಾತನ್ನು ಹೇಳುವಂತೆ ಹೇಳಿದ. "ನನ್ನ ಕೆಂದೆತ್ತು ಕಣ್ಣಾಗ ಕುಂತದ ಯಪ್ಪಾ. ಕಾಲೇನು ಬಿಡ್ರಿ."

ಬಸವಂತರಾಯ ತಲೆಯಾಡಿಸಿದ. ಯಾವ ಮಾತಿಗೆ ತಲೆಯಾಡಿಸಿದೆನೆಂದು ಸ್ಟೇಷನ್ನು ಮುಟ್ಟುವವರೆಗೂ ಯೋಚಿಸಿದ.

ಪ್ಯಾಸೆಂಜರು ಗಾಡಿಯಲ್ಲಿ ಕಿಟಕಿಯ ಪಕ್ಕದಲ್ಲಿ ಜಾಗ ಸಿಕ್ಕಿತು. ಹೊರಗೆ ಕುಯ್ದ ಜೋಳದ ಹೊಲ, ಕರಿಯ ಮಣ್ಣಿನ ಬಿರುಕು, ಹಾಸುಗಲ್ಲು ಎಬ್ಬಿಸಿದ ಗಣಿಗಳು. ಭೂಮಿಯನ್ನು ಯಾರೋ ಪುಟಪುಟವಾಗಿ ಬಿಡಿಸಿ ಇಟ್ಟಿದ್ದಾರೆ. ಈ ಸೀಮೆಯ ಕಲ್ಲು ಹಲಗೆಯಾಗಿ ಏಳುತ್ತದೆ, ಚಪ್ಪಟೆ ಹಾಸಿದರೆ ಸಾವಿರ ವರ್ಷ ಇರುತ್ತದೆ. ಕಮಾನಿಗೆ ನಿಲ್ಲಿಸಬೇಕಾದರೆ ದಪ್ಪ ಬೇಕು. ಇದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಗೊತ್ತಿದ್ದದ್ದು ಅವತ್ತು ಎಲ್ಲಿ ಹೋಗಿತ್ತು? ಹದಿಮೂರು ಎಂದು ಬರೆಯುವಾಗ ಒಳಗೆ ಏನೋ ತಡವರಿಸಿತ್ತು. ಕಿತಾಬಿನಲ್ಲಿದೆಯಲ್ಲ ಎಂದು ಅದನ್ನು ಸುಮ್ಮನಾಗಿಸಿದ್ದ. ಮಜೀದಸಾಬನೂ ಅದೇ ಮಾತು ಹೇಳಿದ್ದ. "ಕಿತಾಬ್‌ನ್ಯಾಗ ಐತಂದ್ರ ಮುಗೀತಲ್ರಿ." ಹೇಳಿ, ನೆಲದ ಮೇಲೆ ಒಂದು ಗೇಣು ಹಾಕಿ, ಅದರ ಮುಂದೆ ನಾಲ್ಕು ಬೆರಳು ಇಟ್ಟು, ಹದಿಮೂರು ಇಂಚನ್ನು ತನ್ನ ಕೈಯೊಳಕ್ಕೆ ಇಳಿಸಿಕೊಂಡಿದ್ದ. ಮೇಸ್ತ್ರಿ ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಸುಣ್ಣ ಮರಳು ಅರೆದ ಗಾರೆಯನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಉಗುಳಿ, "ಇನ್ನೊಂದ್ ದಿನಾ ಅರೀರಿ" ಎನ್ನುತ್ತಿದ್ದ. ಆ ನಾಲಿಗೆಯ ಮೇಲೆ ಕಚೇರಿ ಈಗ ಗಾರೆ ಕೆಟ್ಟಿತ್ತೆಂದು ಬರೆದಿದೆ.

ಕಮಾನು ಒಣಗಿ ಕೆಳಗಿನ ಮಣ್ಣಿನ ಅಚ್ಚನ್ನು ತೆಗೆಯುವಾಗ ಕಟ್ಟಿದ ಮೇಸ್ತ್ರಿ ಅದರ ಕೆಳಗೇ ಕುಳಿತಿರಬೇಕು. ಅದು ಅವರ ರೂಢಿ. ಮಜೀದಸಾಬ ಬಿಸ್ಮಿಲ್ಲಾ ಎಂದು ಹೋಗಿ ಕುಳಿತ. ಮೇಲೆ ನಿಂತಿದ್ದ ಬಸವಂತರಾಯನನ್ನು ನೋಡಿ, "ನೀವೂ ಬರ್ರಿ ಸಾಹೇಬ್ರ, ಇಬ್ರೂ ಕೂಡೇ ಕಟ್ಟೀವಿ" ಎಂದು ಕರೆದ. ಧೋತರ ಮಣ್ಣಾಗುತ್ತದೆ ಎಂದು ಇವನು ದಂಡೆಯ ಮೇಲೇ ನಿಂತ. ಆಳುಗಳು ನಕ್ಕರು. ಮಣ್ಣು ಕುಸಿಯಿತು, ಕಮಾನು ನಿಂತಿತು, ಮಜೀದಸಾಬ ತಲೆಯ ಮೇಲಿನ ಧೂಳು ಕೊಡವುತ್ತ ಹೊರಗೆ ಬಂದ. ಆ ಸಂತೋಷದಲ್ಲೋ, ಕೆಳಗೆ ಇಳಿಯದ ನಾಚಿಕೆಯಲ್ಲೋ, ಬಸವಂತರಾಯ ಕೈಯಲ್ಲಿದ್ದ ಕಿತಾಬನ್ನು ಅವನಿಗೆ ಕೊಟ್ಟುಬಿಟ್ಟ. ಇನ್ನು ಮುಂದೆ ಲೆಕ್ಕವೆಲ್ಲ ಇಂಗ್ಲಿಷ್ ಪುಸ್ತಕದಿಂದಲೇ ಆಗಬೇಕೆಂದು ಅದೇ ವಾರ ಹುಕುಮು ಬಂದಿತ್ತು, ಇಟ್ಟುಕೊಂಡು ಮಾಡುವುದೇನು? ಓದಲು ಬಾರದ ಮಜೀದಸಾಬ ಲಿಪಿಯನ್ನು ನೋಡಿದ, ಎರಡೂ ಕೈಯಲ್ಲಿ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ. ಅದು ದೇವರ ಕಿತಾಬಲ್ಲ ಎಂದು ಬಸವಂತರಾಯ ತಿಳಿಸಲಿಲ್ಲ. ಕಚೇರಿಗೆ ಬಂದು ಸಂಗಣ್ಣನಿಗೆ ಮಾತ್ರ ಹೇಳಿದ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯನ್ನು ಸಂಗಣ್ಣ ಈಗ ಮರೆತಿದ್ದಾನೋ, ಮರೆತವನಂತೆ ಇದ್ದಾನೋ, ಇವನು ಕೇಳಲು ಹೋಗಿರಲಿಲ್ಲ.

ಹಾಗಾಗಿ, ಅವನು ಹೈದರಾಬಾದಿಗೂ ಮದರಾಸಿಗೂ ಬರೆಯುತ್ತಿದ್ದಷ್ಟು ಕಾಲವೂ ಆ ಪುಸ್ತಕ ವಾಡಿಯಲ್ಲಿತ್ತು. ಮಜೀದಸಾಬನನ್ನು ಮುಳುಗಿಸುವ ಅಥವಾ ಎತ್ತುವ ಪುಟ ಮಜೀದಸಾಬನ ಮನೆಯ ಗೂಡಿನಲ್ಲೇ ಇತ್ತು, ಅವನಿಗೆ ಗೊತ್ತಿಲ್ಲದೆ. ಈ ವಾಕ್ಯವನ್ನು ಬಸವಂತರಾಯ ಪೂರ್ಣವಾಗಿ ಮನಸ್ಸಿನಲ್ಲಿ ಹೇಳಿಕೊಂಡದ್ದು ಇದೇ ಮೊದಲು. ಈಗ ಯಾಕೆ ಹೋಗುತ್ತಿದ್ದೇನೆ? ನೋಡುವುದಕ್ಕೆ. ನೋಡಿದ ಮೇಲೆ? ಕೇಳಿದರೆ ಮಜೀದಸಾಬ ಕೊಟ್ಟೇ ಕೊಡುತ್ತಾನೆ. ಬರುವಾಗ ಗಾಡಿಯ ಕಿಟಕಿ ಇರುತ್ತದೆ, ಹೊರಗೆ ನೀರು ತುಂಬಿದ ಹಳೆಯ ಗಣಿಗಳಿರುತ್ತವೆ. ಅವನು ಕಿಟಕಿಯಿಂದ ಕೈಯನ್ನು ಒಳಕ್ಕೆ ತೆಗೆದುಕೊಂಡ.

ವಾಡಿಯಲ್ಲಿ ಇಂಜಿನ್ನುಗಳ ಹೊಗೆ ತಗ್ಗಾಗಿ ಕವಿದಿತ್ತು. ಸರ್ಕಾರಿ ಕೆಲಸ ತಪ್ಪಿದ ಮೇಲೆ ಊರವರೂ ಮಜೀದಸಾಬನಿಗೆ ಒಂದು ಗೋಡೆಯನ್ನು ಕೊಟ್ಟಿರಲಿಲ್ಲ. ಅವನು ಇಂಜಿನ್ನುಗಳ ಬೂದಿ ತೆಗೆಯುತ್ತಿದ್ದ. ಹಳಿಗಳಾಚೆ, ಹಾಸುಗಲ್ಲಿನ ಗೋಡೆ, ಹಾಸುಗಲ್ಲಿನ ಮಾಳಿಗೆಯ ಮನೆ. ಸಂಜೆಯ ಬಿಸಿಲು ಹೊಸ್ತಿಲ ಮೇಲಿತ್ತು. ಮಜೀದಸಾಬ ಆಗಷ್ಟೇ ಕೆಲಸದಿಂದ ಬಂದಿದ್ದ. ಮೊಳಕೈವರೆಗೂ ಬೂದಿ, ಹುಬ್ಬಿನ ಮೇಲೂ ಬೂದಿ. ಒಂದು ಗಳಿಗೆ ಗುರುತು ಸಿಗಲಿಲ್ಲ.

"ಆವ್‌ರಿ, ಆವ್‌ರಿ ಸಾಹೇಬ್ರ! ಕುಂದ್ರಿ. ಏ, ಚಾಪಿ ತಾ!"

ಒಳಗಿನಿಂದ ಹೆಂಡತಿ ಜೈತುನ್‌ಬೀಯ ಧ್ವನಿ ಬಂತು, ಮೊರದಲ್ಲಿ ಬೇಳೆ ಹಸನು ಮಾಡುವ ಸದ್ದಿನ ನಡುವೆ. "ನೀವೇ ಹಾಸ್ರಿ. ಸುಣ್ಣ ಕಲಸೋ ಇಲ್ಮು ಹೋದ್ರೂ ಚಾಪಿ ಹಾಸೋದರ ಬರ್ತದಲ್ಲ."

ಮಜೀದಸಾಬ ನಕ್ಕ. "ದಿನಾ ಹಿಂಗೇ ಅಂತಾಳ್ರಿ. ಅಕಿ ತಮ್ಮಂದ್ರೂ ಗೋಡಿ ಕಟ್ಟೋ ಗೌಂಡಿಗೋಳ್ರಿ, ನಿನ್ನ ಗಂಡ ಸುಣ್ಣದಾಗ ಮಣ್ಣ ಬೆರಸ್ತಾನಂತ ಅಂದಾರ. ಈದಿಗೂ ಕರೀಲಿಲ್ಲ." ಚಾಪೆ ಹಾಸಿದ. ಹಾಸಿ, ತಾನು ಬರಿ ನೆಲದ ಮೇಲೆ ಕುಳಿತ. "ಏನು ಬಂದ್ರಿ?"

ಗಾಡಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳು ಬಾಯಿಗೆ ಬರಲಿಲ್ಲ. "ಆ ಕಿತಾಬ್ ಐತೇನು?" ಎಂದ.

"ಐತ್ರಿ. ಎಲ್ಲಿ ಹೋಗ್ತದ." ಮಜೀದಸಾಬ ಎದ್ದು ಹೋಗಿ ಬಾನಿಯಲ್ಲಿ ಮೊಳಕೈವರೆಗೆ ಕೈ ತೊಳೆದ, ಇನ್ನೊಮ್ಮೆ ತೊಳೆದ. ಬಸವಂತರಾಯನ ಮುಂದೆಯೂ ತಂಬಿಗೆ ಹಿಡಿದ. ಇವನು ಎದ್ದು ಕೈಯೊಡ್ಡಿದ. ನೀರು ಬಿಸಿಲಿಗೆ ಬೆಚ್ಚಗಿತ್ತು.

ಗೂಡಿನಿಂದ ಹಸಿರು ಬಟ್ಟೆಯ ಗಂಟು ಬಂತು. ಬಸವಂತರಾಯ ಅದನ್ನು ತೆಗೆದುಕೊಳ್ಳದೆ ಹೇಳಿದ, "ಮಜೀದಸಾಬ, ಇದು ದೇವರ ಕಿತಾಬ್ ಅಲ್ಲ. ಅವತ್ತೇ ಹೇಳಬೇಕಾಗಿತ್ತು."

"ಗೊತ್ತೈತ್ರಿ." ಮಜೀದಸಾಬ ಗಂಟು ಬಿಚ್ಚಿದ. "ಮಸೀದಿ ಹಜರತ್ರು ಒಂದಿನ ಬಂದಾಗ ನೋಡಿ ನಕ್ರು. ಅರೇ ಮಜೀದ್, ಇದು ಪುಲ್ ಕಟ್ಟೋ ಕಿತಾಬ್ ಅಂದ್ರು. ಆದ್ರ ಒಮ್ಮಿ ಮ್ಯಾಲ ಇಟ್ಟಿದ್ದು ಕೆಳಗ ಇಳಸ್ಲಿಕ್ಕ ಮನಸಾಗ್ಲಿಲ್ರಿ. ಪುಲಂದ್ರ ಏನು ಕಮ್ಮೀ? ಜನಾ ದಾಟ್ತಾರ." ಮತ್ತೆ, ಸ್ವಲ್ಪ ಸಂಕೋಚದಿಂದ ಕೇಳಿದ, "ನಮ್ಮ ಪುಲ್ ಇದ್ರಾಗ ಐತೇನ್ರಿ?"

"ಐತಿ."

"ಹಂಗಾರ ಓದ್ರಿ. ಕೇಳೂಣು."

ಕೆಂಪು ರಟ್ಟು. ಬಸವಂತರಾಯ ಅದನ್ನು ಬಲದಿಂದ ತೆರೆದ. ತನ್ನ ಕೈಯನ್ನು ತಾನೇ ಕಾಯುತ್ತ, ಬೇರೆಯವರ ಕೈಯನ್ನು ನೋಡುವಂತೆ ನೋಡುತ್ತ, ತೆರೆದ. ಕೋಷ್ಟಕದ ಮೊದಲ ಪುಟ ದಾಟಿ ಮುಂದುವರಿದ ಪುಟಕ್ಕೆ ಬಂದ. ಎರಡೂ ಅಂಚಿನಲ್ಲಿ ಹದಿನೈದು ಅಡಿ. ಬೆರಳು ಎಡ ಅಂಚಿನ ಹದಿನೈದರ ಮೇಲೆ ಹೋಗಿ ಕುಳಿತು ಮೊದಲ ಅಂಕಿಗೆ ಸರಿಯಿತು. ಹದಿಮೂರು. ಯಾರೂ ಅದನ್ನು ಅಲ್ಲಿಗೆ ಕಳಿಸಿರಲಿಲ್ಲ. ಅದು ಮೊದಲೊಮ್ಮೆ ಬಂದಿದ್ದ ದಾರಿಯಲ್ಲೇ ಬಂದಿತ್ತು. ಪುಟವನ್ನು ಹಿಂದಕ್ಕೆ ತಿರುವಿ ತಲೆಬರಹ ನೋಡಿದ, ನೋಡುವ ಅಗತ್ಯವೇನೂ ಇರಲಿಲ್ಲ. ಬಲದಿಂದ ಮೊದಲು ಒರಟು ಕಲ್ಲು. ಆಮೇಲೆ ಕೆತ್ತಿದ ಕಲ್ಲು. ಹದಿಮೂರು ಕೆತ್ತಿದ ಕಲ್ಲಿನದು. ಕಾಳಗಿ ಹಳ್ಳಕ್ಕೆ ಯಾರೂ ಕಲ್ಲು ಕೆತ್ತಿರಲಿಲ್ಲ.

ಅವನು ಮಜೀದಸಾಬನನ್ನು ನೋಡಿದ. ಮಜೀದಸಾಬ ಕಥೆ ಕೇಳುವವನಂತೆ, ತೊಳೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪುಟವನ್ನಲ್ಲ, ಇವನ ಬಾಯಿಯನ್ನು ನೋಡುತ್ತಿದ್ದ. ಹದಿಮೂರು ಎಂದು ಓದಿದರೆ ಹದಿಮೂರೇ. ಈ ಮನೆಯಲ್ಲಿ ಅದು ಸುಳ್ಳೆಂದು ಹೇಳುವವರಿಲ್ಲ. ಮದರಾಸಿನ ಕಾಗದ ಕಿಸೆಯಲ್ಲೇ ಇದೆ, ಜಗತ್ತಿನಲ್ಲಿ ಬೇರೆ ಪ್ರತಿ ಇಲ್ಲ. ಮಗ್ಗಿ ಕಲಿಸಿದ ಭಾಷೆಯಲ್ಲಿ ಬಸವಂತರಾಯ ತಪ್ಪು ಅಂಕಿಯನ್ನು ಗಟ್ಟಿಯಾಗಿ ಎಂದೂ ಹೇಳಿರಲಿಲ್ಲ. ನಾಲಿಗೆ ಅದನ್ನು ಹೊರಳಿಸಲು ಒಪ್ಪಲಿಲ್ಲ. ಇದು ಧೈರ್ಯವಲ್ಲ ಎಂಬುದು ಅವನಿಗೆ ಆಗಲೇ ತಿಳಿದಿತ್ತು.

"ಪಂದ್ರಾ ಫೂಟ್," ಎಂದು ಓದಿದ. "ಅನ್‌ಘಡ್ ಪತ್ಥರ್." ಒರಟು ಕಲ್ಲು. ಬೆರಳನ್ನು ಎತ್ತಿ ಬಲ ಅಂಚಿಗೆ ತಂದ. "ಬೀಸ್ ಇಂಚ್." ಇಪ್ಪತ್ತು.

ಮಜೀದಸಾಬ ಬಲಗೈಯನ್ನು ಮಡಿಲಿನಿಂದ ತೆಗೆದು ನೆಲದ ಮೇಲೆ ಒಂದು ಗೇಣು ಹಾಕಿದ. ಅದರ ಮುಂದೆ ನಾಲ್ಕು ಬೆರಳು ಇಟ್ಟ. ಅದು ಅವನು ಕಟ್ಟಿದ್ದು. ಅಲ್ಲಿ ಉಗುರಿನಿಂದ ಒಂದು ಗೀರು ಎಳೆದ. ಮತ್ತೆ ಮೊದಲಿನಿಂದ ಗೇಣು ಹಾಕಿದ, ಎರಡನೆಯ ಗೇಣು ಹಾಕಿದ, ಇನ್ನೆರಡು ಬೆರಳು ಇಟ್ಟ. ಅದು ಇಪ್ಪತ್ತು. ಎರಡು ಗುರುತುಗಳ ನಡುವಿನ ಬರಿ ನೆಲವನ್ನು ಅಂಗೈಯಿಂದ ಮೆಲ್ಲಗೆ ಸವರಿದ, ಹಸಿ ಗಾರೆಯನ್ನು ಸವರುವ ಹಾಗೆ. ಒಂದು ಇಂಜಿನ್ನು ಕೂಗಿ ಬಹಳ ಹೊತ್ತು ಹಬೆ ಬಿಟ್ಟಿತು. ಬಸವಂತರಾಯ ಬೈಗುಳಕ್ಕೆ ಕಾದ. ಬೈದರೆ ಒಂದು ಕೊನೆ ಸಿಗುತ್ತಿತ್ತು.

"ನಾಲಿಗಿ ಸುಳ್ಳ ಹೇಳಿದ್ದಿಲ್ಲ ಹಂಗಾರ," ಎಂದ ಮಜೀದಸಾಬ ಕೊನೆಗೆ, ತನಗೆ ತಾನೇ. "ನಂಗೂ ಅನಮಾನ ಬಂದು ಬಿಟ್ಟಿತ್ರಿ. ಎಲ್ರೂ ಅಂದ ಮ್ಯಾಲ, ಸುಣ್ಣ ಕೆಟ್ಟೇ ಇತ್ತೇನೋ ಅಂತ."

"ಮಜೀದಸಾಬ—"

ಅವನು ಕೈ ಅಡ್ಡ ಮಾಡಿದ. ಇವನ ಮುಖ ನೋಡಲಿಲ್ಲ. ಒಳಗಿನ ಬಾಗಿಲ ಕಡೆಗೆ ನೋಡುತ್ತಿದ್ದ. ಮೊರದ ಸದ್ದು ಮೊದಲಿನಂತೆಯೇ ನಡೆದಿತ್ತು.

"ಗಟ್ಟ್ಯಾಗಿ ಓದ್ರಿ," ಎಂದ. "ಒಳಗ ಅಕಿಗಿ ಕೇಳ್ಲಿ."

ಬಸವಂತರಾಯ ನೋಡಿದರೆ ಬೆರಳು ಮತ್ತೆ ಎಡ ಅಂಚಿಗೇ ಹೋಗಿ ಕುಳಿತಿತ್ತು. ಅದನ್ನು ಎತ್ತಿ ಬಲಕ್ಕೆ ತಂದಿಟ್ಟ. ಸೇಡಮಿನ ಸಾಲೆಯಲ್ಲಿ ಮಗ್ಗಿ ಒಪ್ಪಿಸುವಾಗ ನಿಲ್ಲುತ್ತಿದ್ದ ಹಾಗೆ ಎದ್ದು ನಿಂತ. ಓದಿದ. ಮೊರ ನಿಂತಿತು.